ಹೇಳಿಕೆ ಮತ್ತು ಊಹೆ: ಎಳೆವಯಸ್ಸಿನ ವಿವಾಹದ ಪ್ರಶ್ನೆ

ಹೇಳಿಕೆ ಮತ್ತು ಊಹೆ ಎಂಬುದು ತಾರ್ಕಿಕ ಸಾಮರ್ಥ್ಯ ಪರೀಕ್ಷೆಗಳಲ್ಲಿ ಬರುವ ಒಂದು ಪ್ರಶ್ನಾಪ್ರಕಾರ. ಕೊಟ್ಟಿರುವ ವಾದದಲ್ಲಿ ಬಾಯಿಬಿಟ್ಟು ಹೇಳದಿದ್ದರೂ ವಾದಿಯು ಒಪ್ಪಿಕೊಂಡೇ ಮುಂದುವರಿದಿರುವ ಸಂಗತಿ ಯಾವುದು ಎಂದು ಇಲ್ಲಿ ಕೇಳಲಾಗುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ನೇಮಕಾತಿ ಪರೀಕ್ಷೆಗಳಲ್ಲಿಯೂ ಬ್ಯಾಂಕ್ ಹಾಗೂ ಸರ್ಕಾರಿ ಹುದ್ದೆಗಳ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿಯೂ ತಾರ್ಕಿಕ ಪ್ರಶ್ನೆಗಳು ಸಾಮಾನ್ಯ.

ಉದಾಹರಣೆ

ಹೇಳಿಕೆ: 18 ವರ್ಷ ತುಂಬುವ ಮೊದಲು ಮದುವೆಯಾದ ಸ್ತ್ರೀಯರಿಗೆ ತಡವಾಗಿ ಮದುವೆಯಾದವರಿಗಿಂತ ಸರಾಸರಿಯಲ್ಲಿ ಹೆಚ್ಚು ಮಕ್ಕಳಿರುತ್ತಾರೆ. ಆದ್ದರಿಂದ ಮದುವೆಯನ್ನು ಮುಂದೂಡಿದರೆ ಕುಟುಂಬಗಳು ಚಿಕ್ಕದಾಗುತ್ತವೆ.

ಊಹೆಗಳು: (ಅ) ಎಳೆವಯಸ್ಸಿನಲ್ಲಿ ಮದುವೆಯಾದ ಪ್ರತಿಯೊಬ್ಬಳಿಗೂ ಹೆಚ್ಚು ಮಕ್ಕಳಿರುತ್ತಾರೆ. (ಆ) ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕೆ ಮದುವೆಯ ವಯಸ್ಸು ಸ್ವಲ್ಪಮಟ್ಟಿಗಾದರೂ ಕಾರಣ. (ಇ) ಚಿಕ್ಕ ಕುಟುಂಬವೇ ಒಳ್ಳೆಯದು.

ಸರಿಯುತ್ತರ (ಆ). ಇದನ್ನು ಕಂಡುಕೊಳ್ಳುವ ವಿಧಾನವೆಂದರೆ ಪ್ರತಿ ಊಹೆಯನ್ನೂ ನಿರಾಕರಿಸಿ, ವಾದ ಉಳಿಯುವುದೇ ಎಂದು ನೋಡುವುದು. (ಅ) ಸುಳ್ಳಾದರೂ, ಅಂದರೆ ಬೇಗ ಮದುವೆಯಾದ ಕೆಲವರಿಗೆ ಒಂದೇ ಮಗುವಿದ್ದರೂ, ಸರಾಸರಿಯ ಮಾತಿಗೆ ಧಕ್ಕೆಯಿಲ್ಲ. (ಇ) ಮೌಲ್ಯನಿರ್ಣಯ, ಕುಟುಂಬ ಚಿಕ್ಕದಾಗುತ್ತದೆ ಎಂದಷ್ಟೇ ವಾದ ಹೇಳುತ್ತದೆ, ಆಗಬೇಕೆಂದಲ್ಲ. (ಆ) ಸುಳ್ಳಾದರೆ ಮಾತ್ರ ವಾದ ಕುಸಿಯುತ್ತದೆ. ಉದಾಹರಣೆಗೆ, ಶಾಲೆ ಬಿಟ್ಟದ್ದೇ ಬೇಗ ಮದುವೆಗೂ ಹೆಚ್ಚು ಮಕ್ಕಳಿಗೂ ಮೂಲವಾಗಿದ್ದು, ಮದುವೆಯ ವಯಸ್ಸಿಗೆ ಯಾವ ಪಾತ್ರವೂ ಇಲ್ಲದಿದ್ದರೆ, ಮದುವೆಯ ದಿನಾಂಕವನ್ನು ಮುಂದೂಡಿ ಪ್ರಯೋಜನವಿಲ್ಲ. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗೆ ದುಡಿಯಲು ಬಂದ ಯುವತಿಯ ವಿಷಯದಲ್ಲಿ ಉದ್ಯೋಗವೇ ಇಂಥ ಮೂರನೆಯ ಕಾರಣವಾಗಬಹುದು.

ಕರ್ನಾಟಕದ ಅಂಕಿಅಂಶಗಳು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 20-24 ವಯಸ್ಸಿನ ಮಹಿಳೆಯರಲ್ಲಿ 18ಕ್ಕೆ ಮೊದಲೇ ಮದುವೆಯಾದವರ ಪ್ರಮಾಣ 2015-16ರಲ್ಲಿ ಶೇ. 21.4, 2019-21ರಲ್ಲಿ ಶೇ. 21.3. ಇದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಒಟ್ಟು ಫಲವತ್ತತೆಯ ದರ ಮಾತ್ರ 1.8ರಿಂದ 1.7ಕ್ಕೆ ಇಳಿದು, ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಕೆಳಗಿದೆ. ಬೇಗ ಮದುವೆ, ಬೇಗ ಎರಡು ಹೆರಿಗೆ, ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಎಂಬ ದಕ್ಷಿಣ ಭಾರತದ ಪರಿಚಿತ ಕ್ರಮ ಇದಕ್ಕೆ ಒಂದು ವಿವರಣೆ. ಇದರಿಂದ (ಆ) ಸುಳ್ಳೆಂದು ಸಾಬೀತಾಗುವುದಿಲ್ಲ. ಬೇರೆ ಕಾರಣಗಳೂ ಕೆಲಸ ಮಾಡುತ್ತಿವೆ ಎಂದಷ್ಟೇ ತಿಳಿಯುತ್ತದೆ. ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಮೇಲಿನ ವಾದ ದುರ್ಬಲವಾದರೆ ಬಾಲ್ಯವಿವಾಹ ನಿಷೇಧವೂ ದುರ್ಬಲವೆಂದು ತೀರ್ಮಾನಿಸುವುದು ಮತ್ತೊಂದು ತಪ್ಪು. ನಿಷೇಧದ ಸಮರ್ಥನೆ ಮಕ್ಕಳ ಸಂಖ್ಯೆಯ ಮೇಲೆ ನಿಂತಿಲ್ಲ. ಬಾಲಕಿಯ ಆರೋಗ್ಯ, ಶಿಕ್ಷಣ, ಸಮ್ಮತಿಗಳ ಮೇಲೆ ನಿಂತಿದೆ. 2006ರ ಕೇಂದ್ರ ಕಾಯ್ದೆಯಂತೆ ಇಂಥ ಮದುವೆಯನ್ನು ರದ್ದುಪಡಿಸಲು, ಮದುವೆಯ ವೇಳೆ ಅಪ್ರಾಪ್ತ ವಯಸ್ಸಿನವರಾಗಿದ್ದವರು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಕರ್ನಾಟಕದ ತಿದ್ದುಪಡಿಯು ಅದನ್ನು ಆರಂಭದಿಂದಲೇ ಅಸಿಂಧುವಾಗಿಸಿದೆ.