ಅಂಗೈ ಮೇಲಿನ ಸರಸ್ವತಿ

ನಿಗಡಿಯ ಪ್ರಾಧಿಕರಣದಲ್ಲಿ ನಾವಿರುವ ಕಟ್ಟಡದ ಎರಡನೆಯ ಮಹಡಿಯಲ್ಲಿ ಕಲಬುರಗಿ ಕಡೆಯ ಒಂದು ಕುಟುಂಬವಿದೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ಮಗ ಮೂರನೆಯ ಇಯತ್ತೆ. ಇಲ್ಲಿ ತರಗತಿಗೆ ಇಯತ್ತೆ ಎನ್ನುತ್ತಾರೆ, ನಮ್ಮ ಉತ್ತರ ಕರ್ನಾಟಕದ ಹಿರಿಯರೂ ಹಾಗೇ ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಅವನಿಗೆ ಕನ್ನಡ ಅಕ್ಷರ ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ. ಅನುವಾದಕಿ ಎಂದರೆ ಮನೆಯಲ್ಲೇ ಇರುವವಳು, ಭಾಷೆ ಬಲ್ಲವಳು, ಬಿಡುವಿರುವವಳು ಎಂದು ಅಕ್ಕಪಕ್ಕದವರ ಲೆಕ್ಕ.

ಕಳೆದ ತಿಂಗಳು ಅವನು ತನ್ನ ಇಂಗ್ಲಿಷ್ ಪುಸ್ತಕ ತಂದು ಒಂದು ಪುಟ ಓದಿ ತೋರಿಸಿದ. ಮಳೆಗೆ ಕಾದ ರೈತನ ಕತೆ. ಎಲ್ಲೂ ತಡವರಿಸಲಿಲ್ಲ. ‘ರೈತ ಏನು ಮಾಡಿದ?’ ಎಂದು ಕೇಳಿದೆ. ಸುಮ್ಮನಾದ. ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಕೇಳಿದೆ. ‘ಇನ್ನೊಮ್ಮೆ ಓದ್ಲೇನ್ರಿ?’ ಎಂದ, ಮೊದಲಿಗಿಂತ ಜೋರಾಗಿ ಓದಿದ. ತಾಯಿಗೆ ಹೆಮ್ಮೆ. ನನಗೆ ಮಾತ್ರ ಬಳ್ಳಾರಿಯ ಒಬ್ಬ ಕಲೆಕ್ಟರ್ ನೆನಪಾದ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಊರೂರಿನ ಶಾಲೆಗಳ ಲೆಕ್ಕ ಕೊಡಿ ಎಂದು ಕಲೆಕ್ಟರುಗಳಿಗೆ ಆದೇಶಿಸಿದ. ಹೆಚ್ಚಿನವರು ಅಂಕಿಗಳ ಪಟ್ಟಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ಉದ್ದನೆಯ ಪತ್ರವನ್ನೇ ಬರೆದ. ಭಾಷಾವಿಜ್ಞಾನ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. 1816ರಲ್ಲಿ ಅಚ್ಚಾದ ಇವನ ತೆಲುಗು ವ್ಯಾಕರಣಕ್ಕೆ ಎಲ್ಲಿಸ್ ಬರೆದ ಟಿಪ್ಪಣಿಯಲ್ಲೇ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬ ವಾದ ಮೊದಲು ಅಚ್ಚಾದದ್ದು. ಹಾಗಾಗಿ ಈ ಕಲೆಕ್ಟರ್ ಶಾಲೆಗಳನ್ನು ಎಣಿಸುವಾಗ ಯಾವ ಭಾಷೆಯಲ್ಲಿ ಕಲಿಸುತ್ತಾರೆ ಎಂಬುದನ್ನೂ ನೋಡಿದ.

ಅವನ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು; ಶಾಲೆಗೆ ಸರಾಸರಿ ಹನ್ನೆರಡು. ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದು. ಉಳಿದ 23 ಬ್ರಾಹ್ಮಣರ ಸಂಸ್ಕೃತ ಪಾಠಗಳು. ಇಂದಿನ ಅನಂತಪುರದ ಭಾಗಗಳೂ ಆಗ ಅದೇ ಜಿಲ್ಲೆಯಲ್ಲಿದ್ದುದರಿಂದ ತೆಲುಗು ಅಷ್ಟು. ಒಟ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳು 60.

ಅಂಕಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನು ಕೊಡುವ ಶಾಲೆಯ ದಿನಚರಿ. ಮಗುವಿಗೆ ಐದು ವರ್ಷವಾದಾಗ ಐಗಳು ಮತ್ತು ಶಾಲೆಯ ಮಕ್ಕಳೆಲ್ಲ ಅದರ ಮನೆಗೆ ಬಂದು ಗಣೇಶನ ಸುತ್ತ ಕೂರುತ್ತಾರೆ. ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಾರೆ. ಶಾಲೆ ಬೆಳಿಗ್ಗೆ ಆರಕ್ಕೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ ಎಂದು. ಮೂರನೆಯವನಿಗೆ ಒಂದು ಮೆತ್ತನೆಯ ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದಂತೆ ಒಂದೊಂದು ಏರುತ್ತದೆ. ಹನ್ನೆರಡು ಮಕ್ಕಳ ಶಾಲೆಯಲ್ಲಿ ಕೊನೆಯವನಿಗೆ ಹತ್ತು ಏಟು ಎಂದಾಯಿತು, ಅವನು ಹೊತ್ತಿಗೆ ಸರಿಯಾಗಿ ಬಂದಿದ್ದರೂ. ಯಾರೋ ಒಬ್ಬರು ಕೊನೆಯವರಾಗಲೇಬೇಕಲ್ಲ. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ಸೂರಿನ ರಾಟೆಗೆ ನೇತುಹಾಕುವುದೂ, ಬಸ್ಕಿ ಹೊಡೆಸುವುದೂ ಇತ್ತು.

ಬರೆಯಲು ಹಲಿಗೆ, ಕಡತ. ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದರೆ ಕಡತ. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಅಳಿಸುವುದು. ನಾನು ದಿನವೂ ಸರಕಾರಿ ಕಾಗದಪತ್ರ ಅನುವಾದಿಸುವಾಗ ಫೈಲಿಗೆ ಕಡತ ಎಂದು ಬರೆಯುತ್ತೇನೆ. ಅಳಿಸಿ ಮತ್ತೆ ಬರೆಯಲೆಂದೇ ಇದ್ದ ವಸ್ತುವಿನ ಹೆಸರು ಎಂದೂ ಅಳಿಸಬಾರದ ವಸ್ತುವಿಗೆ ಹೋಗಿ ಸೇರಿಕೊಂಡಿದೆ.

ಮುಂದಿದ್ದವರು ಹಿಂದಿದ್ದವರಿಗೆ ಕಲಿಸುವ ಪದ್ಧತಿಯನ್ನು, ಕಡಿಮೆ ಖರ್ಚಿನಲ್ಲಿ ಬರವಣಿಗೆ ಕಲಿಸುವ ಜಾಣತನವನ್ನು ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳುತ್ತಾನೆ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯೇ ಎನ್ನುತ್ತಾನೆ. ಆದರೆ ಅವನ ಮುಖ್ಯ ದೂರು ಬೇರೆ. ಮಕ್ಕಳು ಓದುವುದೆಲ್ಲ ಪದ್ಯ, ಅದರ ಭಾಷೆ ಆಡುನುಡಿಯಿಂದ ದೂರ. ಅಕ್ಷರ ಅದೇ, ಆದ್ದರಿಂದ ಓದಲು ಬರುತ್ತದೆ, ಅರ್ಥ ಆಗುವುದಿಲ್ಲ. ಬಹುಪಾಲು ಐಗಳಿಗೂ ವಿವರಿಸಲು ಬರುವುದಿಲ್ಲ. ಗಿಳಿಪಾಠ ಎಂಬುದೇ ಅವನ ತೀರ್ಮಾನ.

ಧರ್ಮಪಾಲ್ ತಮ್ಮ 1983ರ ಪುಸ್ತಕದಲ್ಲಿ ಈ ಪತ್ರವನ್ನು ಪೂರ್ತಿ ಅಚ್ಚು ಹಾಕಿದರು. ಬ್ರಿಟಿಷರು ಬರುವ ಮುನ್ನ ನಮ್ಮಲ್ಲಿ ಎಷ್ಟು ಶಾಲೆಗಳಿದ್ದವು ಎನ್ನಲು ಈಗ ಎಲ್ಲರೂ ಅದನ್ನು ಉದ್ಧರಿಸುತ್ತಾರೆ. ಜನ ಬಡವರಾದದ್ದರಿಂದ ಶಾಲೆಗಳು ಮುಚ್ಚುತ್ತಿವೆ, ನೇಕಾರರ ಕಸುಬನ್ನು ನಮ್ಮ ದೇಶದ ಬಟ್ಟೆ ಕೆಡಿಸಿತು ಎಂದು ಕಂಪನಿಯ ಅಧಿಕಾರಿಯೇ ಒಪ್ಪಿಕೊಂಡ ಮಾತೂ ಅಲ್ಲಿದೆ, ಅದು ಸಣ್ಣದಲ್ಲ. ಆದರೆ ಉದ್ಧರಿಸುವವರು ರಾಟೆಯ ಸಾಲನ್ನೂ 60ರ ಅಂಕಿಯನ್ನೂ ಹಾರಿಸಿಬಿಡುತ್ತಾರೆ. ಗಿಳಿಪಾಠದ ದೂರನ್ನಂತೂ ಹೇಳುವವರೇ ಇಲ್ಲ.

ಧಾರವಾಡ, ಬೆಳಗಾವಿ ಬೇರೆ ಪ್ರಾಂತ್ಯ. ಮುಂಬಯಿ ಪ್ರೆಸಿಡೆನ್ಸಿಗೆ ಸೇರಿದವು. ಅಲ್ಲಿನ ಶಾಲೆಗೆ ಮಠ ಎಂದೇ ಹೆಸರು. ಧಾರವಾಡದ ನಾರ್ಮಲ್ ಶಾಲೆಯ ಶಿಕ್ಷಕರ ಪತ್ರಿಕೆ ಮೊದಲು ಹೊರಟಿದ್ದು ‘ಮಠಪತ್ರಿಕೆ’ ಎಂದು; ಮುಂದೆ ಅದು ‘ಶಾಲಾಪತ್ರಿಕೆ’, ಆಮೇಲೆ ‘ಜೀವನ ಶಿಕ್ಷಣ’ ಆಯಿತು. ಈ ಸೀಮೆಯ ಕನ್ನಡ ಸಾಲಿಗೂ ಪುಣೆಯ ಮರಾಠಿ ಶಾಳೆಗೂ ಒಂದೇ ಇಲಾಖೆ. ಆದ್ದರಿಂದ 1882ರಲ್ಲಿ ಹಂಟರ್ ಆಯೋಗದ ಮುಂದೆ ಪುಣೆಯ ಜೋತಿರಾವ್ ಫುಲೆ ಕೊಟ್ಟ ಹೇಳಿಕೆ ನಮ್ಮ ಚರಿತ್ರೆಯೂ ಹೌದು.

ಫುಲೆ ಎಂದರೆ ನಮಗೆ 1848, ಭಿಡೆವಾಡೆ, ಹುಡುಗಿಯರ ಶಾಲೆ, ಸಾವಿತ್ರಿಬಾಯಿ. 1882ರ ಫುಲೆ ಬೇರೆ. ಐವತ್ತು ದಾಟಿದ, ಕಲಿಸಿ ದಣಿದ, ಸಣ್ಣಪುಟ್ಟ ವಿವರಗಳಲ್ಲಿ ಹಟಮಾರಿಯಾದ ಮೇಷ್ಟ್ರು. ಹನ್ನೆರಡು ವರ್ಷದವರೆಗೆ ಶಿಕ್ಷಣ ಕಡ್ಡಾಯವಾಗಲಿ ಎನ್ನುವುದು ಎಲ್ಲರಿಗೂ ಗೊತ್ತಿರುವ ಬೇಡಿಕೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ರೈತನ ಮಗ ಶಾಲೆಗೆ ಬರುವುದಿಲ್ಲ, ಏಕೆಂದರೆ ದನ ಕಾಯಬೇಕು. ಹಾಗಾಗಿ ವಿದ್ಯಾರ್ಥಿವೇತನ ಕೊಡಿ, ಆರು ತಿಂಗಳಿಗೊಮ್ಮೆ ಬಹುಮಾನ ಕೊಡಿ. ಮಹಾರ್ ಮಾಂಗ್ ಮಕ್ಕಳನ್ನು ಮೇಲ್ಜಾತಿಯವರ ಪಕ್ಕ ಕೂರಿಸುವುದಿಲ್ಲ; ಅವರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಿರುವ ಪುಣೆಯಲ್ಲಿ ಅವರಿಗೆ ಒಂದೇ ಶಾಲೆ, ಅದರಲ್ಲಿ ಮೂವತ್ತು ಹುಡುಗರೂ ಇಲ್ಲ. ಮೋಡಿ, ಬಾಲಬೋಧ ಎರಡೂ ಲಿಪಿ ಕಲಿಸಿ, ಲೆಕ್ಕ ಕಲಿಸಿ, ಜೊತೆಗೆ ಬೇಸಾಯ, ಶುಚಿತ್ವ. ಬೇಸಾಯವನ್ನು ಪುಸ್ತಕದಲ್ಲಲ್ಲ, ಶಾಲೆಗೊಂದು ಮಾದರಿ ಹೊಲ ಮಾಡಿ ಅಲ್ಲಿ ಕಲಿಸಿ. ಮೇಷ್ಟ್ರ ಸಂಬಳ ಹನ್ನೆರಡು ರೂಪಾಯಿಗೆ ಕಡಿಮೆ ಬೇಡ. ಊರಿನ ಅಂಚೆಯ ಕೆಲಸವನ್ನೋ ಲೆಕ್ಕ ತಪಾಸಣೆಯನ್ನೋ ಅವರಿಗೇ ಕೊಟ್ಟರೆ ಮರ್ಯಾದೆಯೂ ಹೆಚ್ಚೀತು.

ನನಗೆ ಅತ್ಯಂತ ಇಷ್ಟವಾದದ್ದು ತಪಾಸಣೆಯ ಬಗ್ಗೆ ಅವರು ಹೇಳಿದ್ದು. ಡೆಪ್ಯುಟಿ ಇನ್ಸ್‌ಪೆಕ್ಟರ್ ವರ್ಷಕ್ಕೊಮ್ಮೆ ಬಂದುಹೋದರೆ ಏನೂ ಪ್ರಯೋಜನವಿಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಬರಲಿ. ಜೊತೆಗೆ, ಹೇಳದೆ ಕೇಳದೆಯೂ ಬರಲಿ. ಈ ಮಾತು ಶಾಲೆ ನಡೆಸಿದವರ ಬಾಯಿಂದಲೇ ಬರಬೇಕು. ತಪಾಸಣೆಯ ದಿನದ ಶಾಲೆ ಬೇರೆ, ಉಳಿದ ದಿನಗಳ ಶಾಲೆ ಬೇರೆ ಎಂದು ಅವರಿಗೆ ಗೊತ್ತಿತ್ತು.

ಹವೇಲಿ ತಾಲೂಕಿನ ಹಳ್ಳಿಯಾಗಿದ್ದ ನಿಗಡಿಯ ಹೊಲಗಳ ಮೇಲೆ, 1972ರಲ್ಲಿ ಹುಟ್ಟಿದ ನವನಗರ ಪ್ರಾಧಿಕಾರ ಸೆಕ್ಟರುಗಳ ಗೆರೆ ಎಳೆಯಿತು. ಪಿಂಪ್ರಿಯ ಪೆನಿಸಿಲಿನ್ ಕಾರ್ಖಾನೆಗೆ, ಆಕುರ್ಡಿಯ ಸ್ಕೂಟರಿಗೆ, ಟೆಲ್ಕೊದ ಲಾರಿಗೆ ಬಂದವರ ಮನೆಗಳು ಸುತ್ತ ಬೆಳೆದವು. ಸೊಲ್ಲಾಪುರ, ವಿಜಯಪುರ, ಬೀದರಿನ ರೈಲು ಹತ್ತಿ ಬಂದ ಕನ್ನಡದವರೂ ಅವರಲ್ಲಿದ್ದರು. ಮನೆಗಳ ಹಿಂದೆಯೇ ಶಾಲೆಗಳೂ ಬಂದವು, ನಾನಾ ಬಗೆಯವು. ಅಪ್ಪಾ ಪೆಂಡಸೆ 1962ರಲ್ಲಿ ಪುಣೆಯಲ್ಲಿ ಕಟ್ಟಿದ ಜ್ಞಾನ ಪ್ರಬೋಧಿನಿಯ ನಿಗಡಿ ಶಾಖೆಯಲ್ಲಿ, ತೈತ್ತಿರೀಯದ ಪಂಚಕೋಶಗಳನ್ನು ಆಧಾರವಾಗಿಟ್ಟ ಗುರುಕುಲವೇ ಇದೆ; ಆಟಕ್ಕೆಂದೇ ಕ್ರೀಡಾಕುಲವೂ ಇದೆ. ಇತ್ತ ಕಟ್ಟಡದ ಎತ್ತರವನ್ನೂ ಬಸ್ಸಿನ ಬಣ್ಣವನ್ನೂ ನೋಡಿ ಆರಿಸುವ ಶಾಲೆಗಳಿಗೆ ಕೊರತೆಯಿಲ್ಲ. 2020ರ ಕಾನೂನಿನಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಹಾಗಾಗಿ ನಮ್ಮ ಎರಡನೆಯ ಮಹಡಿಯ ಹುಡುಗನಿಗೆ ಮನೆಯಲ್ಲಿ ಕನ್ನಡ, ಆಟಕ್ಕೆ ಹಿಂದಿ, ಒಂದು ಪೀರಿಯಡ್ ಮರಾಠಿ, ಉಳಿದದ್ದೆಲ್ಲ ಇಂಗ್ಲಿಷ್.

ನಾಲ್ಕು ಭಾಷೆ ಹೊರೆ ಎಂದು ನಾನು ಹೇಳುವುದಿಲ್ಲ. ಕ್ಯಾಂಪ್‌ಬೆಲ್‌ನ ಜಿಲ್ಲೆಯಲ್ಲಿ ಅದಕ್ಕಿಂತ ಹೆಚ್ಚೇ ಇದ್ದವು. ಮೊದಲ ಓದು ಆಡದ ಭಾಷೆಯಲ್ಲಿ ಶುರುವಾಗಿ, ಅರ್ಥವನ್ನು ಯಾರೂ ಕೇಳದೆ ಮೂರು ವರ್ಷ ಕಳೆದುಹೋಗುವುದು ನನ್ನ ಚಿಂತೆ. ‘ಅಸರ್’ ಸಮೀಕ್ಷೆಯ ಪ್ರಕಾರ, 2022ರಲ್ಲಿ ದೇಶದ ಹಳ್ಳಿಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಶೇ. 20.5. ಆ ಅಳತೆಯಲ್ಲಿ ನಮ್ಮ ಹುಡುಗ ಸಲೀಸಾಗಿ ಪಾಸು. ಅವನಂಥವರನ್ನು ಹಿಡಿಯುವ ಅಳತೆ ಅದಲ್ಲ.

ಹೋದ ವಾರ ಅವನ ತಾಯಿ ಬಂದಿದ್ದರು. ಇನ್ನೂ ದುಬಾರಿಯ ಶಾಲೆಯೊಂದಕ್ಕೆ ಸೇರಿಸುವ ಯೋಚನೆ. ಊರಿನ ಎರಡು ಎಕರೆ ಮಾರುವ ಮಾತೂ ನಡೆದಿದೆ. ‘ನೀವು ಓದಿದವರು, ಸಾಲಿ ಚಲೋ ಐತೋ ಇಲ್ಲೋ ಹೆಂಗ್ ನೋಡೂದು ಹೇಳ್ರಿ’ ಎಂದರು. ಫುಲೆಯವರ ಮಾತನ್ನೇ ಹೇಳಿದೆ: ಒಂದು ಮಾಮೂಲಿ ದಿನ, ಹೇಳದೆ ಹೋಗಿ, ಮೂರನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಬನ್ನಿ. ಮೇಷ್ಟ್ರು ಕೇಳುತ್ತಾರೋ, ಮಕ್ಕಳು ಕೇಳುತ್ತಾರೋ ನೋಡಿ.

ಹೋದರು. ಗೇಟಿನಲ್ಲೇ ನಿಲ್ಲಿಸಿ, ಪಾಲಕರಿಗೆ ಪ್ರವೇಶ ತಿಂಗಳ ಎರಡನೆಯ ಶನಿವಾರ ಮಾತ್ರ ಎಂದು ಹೇಳಿ, ಒಂದು ಬಣ್ಣದ ಕೈಪಿಡಿ ಕೊಟ್ಟು ಕಳಿಸಿದರಂತೆ. ಭಾನುವಾರ ಹುಡುಗ ಅದನ್ನೇ ತಂದು ನನ್ನೆದುರು ಗಡಗಡನೆ ಓದಿದ.