ಬಿದ್ದ ವಿಮಾನದ ಹೊಣೆ: ಚಿನ್ನದ ಫ್ರಾಂಕಿನಿಂದ ಕೆಂಜಾರಿನ ಕಣಿವೆಯವರೆಗೆ

ಆಕಾಶಯಾನದ ಹೊಣೆಗಾರಿಕೆಯ ಇತಿಹಾಸ ಒಂದು ತರಕಾರಿ ತೋಟದ ವ್ಯಾಜ್ಯದಿಂದ ಶುರುವಾಗುತ್ತದೆ. ನ್ಯೂಯಾರ್ಕಿನಲ್ಲಿ ಗಿಲ್ ಎಂಬ ಬಲೂನುಗಾರ ಮೇಲೇರಿ, ಗಾಳಿ ಒಯ್ದತ್ತ ತೇಲಿ, ಸ್ವಾನ್ ಎಂಬವನ ತೋಟದಲ್ಲಿ ಇಳಿದ. ಬುಟ್ಟಿಯಿಂದ ಜೋತುಬಿದ್ದು ನೆರವಿಗೆ ಕೂಗುತ್ತಿದ್ದ ಅವನನ್ನು ನೋಡಲು, ಕಾಪಾಡಲು ಜನ ಬೇಲಿ ಮುರಿದು ನುಗ್ಗಿದರು. ಬಲೂನಿನಿಂದ ಆದ ಹಾನಿ ಸುಮಾರು 15 ಡಾಲರು. ಜನರ ಕಾಲ್ತುಳಿತವೂ ಸೇರಿ ತೀರ್ಪಿನ ಮೊತ್ತ 90 ಡಾಲರು. ಗುಂಪು ತನ್ನದಲ್ಲ, ಗಾಳಿಯೂ ತನ್ನ ಕೈಯಲ್ಲಿರಲಿಲ್ಲ ಎಂಬ ಗಿಲ್‌ನ ವಾದವನ್ನು 1822ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ತನ್ನ ಅಂಕೆಗೆ ಸಿಗದ ವಾಹನ ಏರುವವನು ಎಲ್ಲೋ ಒಂದು ಕಡೆ ಇಳಿಯಲೇಬೇಕು, ಇಳಿದಲ್ಲಿ ಜನ ಸೇರಿಯೇ ಸೇರುತ್ತಾರೆ. ಅದು ಅವನಿಗೆ ಮೊದಲೇ ಗೊತ್ತಿರಬೇಕು ಎಂದಿತು. ಹಾರುವವನ ಮೇಲೆ ಪೂರ್ಣ ಹೊಣೆ ಹೊರಿಸಿದ ಆ ಗಟ್ಟಿ ನಿಲುವು ಮುಂದಿನ ನೂರು ವರ್ಷದಲ್ಲಿ ಸಡಿಲವಾಯಿತು. ಅದನ್ನು ಮತ್ತೆ ಬಿಗಿಗೊಳಿಸಲು ಇನ್ನೊಂದು ಮುಕ್ಕಾಲು ಶತಮಾನ ಹಿಡಿಯಿತು.

ಸಡಿಲವಾಗಲು ಕಾರಣ ವಿಮೆ. ಹಡಗುಗಳ ವಿಮೆಗೆ ಹೆಸರಾದ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆ ವಿಮಾನಕ್ಕೆ ಮೊದಲ ಪಾಲಿಸಿ ಬರೆದದ್ದು 1911ರಲ್ಲಿ. ಹಡಗಿಗಾದರೆ ಶತಮಾನಗಳ ಲೆಕ್ಕವಿತ್ತು. ಯಾವ ಋತುವಿನಲ್ಲಿ, ಯಾವ ದಾರಿಯಲ್ಲಿ, ನೂರಕ್ಕೆ ಎಷ್ಟು ಮುಳುಗುತ್ತವೆ ಎಂದು ಅಂದಾಜಿಸಬಹುದಿತ್ತು. ವಿಮಾನಕ್ಕೆ ಅಂಥ ಯಾವ ಲೆಕ್ಕವೂ ಇರಲಿಲ್ಲ. ಮರದ ಚೌಕಟ್ಟು, ಬಟ್ಟೆಯ ರೆಕ್ಕೆ, ನಡುದಾರಿಯಲ್ಲಿ ನಿಲ್ಲುವ ಎಂಜಿನ್ನು. ಒಂದು ಬಿರುಗಾಳಿಗೆ ಕಂಪನಿಯ ಆಸ್ತಿಯೆಲ್ಲ ಹೋಗಬಹುದಾಗಿತ್ತು. ಮೊದಲನೇ ಮಹಾಯುದ್ಧದ ನಂತರ ಯುರೋಪಿನಲ್ಲಿ ಹುಟ್ಟಿದ ವಿಮಾನ ಕಂಪನಿಗಳ ಬಂಡವಾಳ ಚಿಕ್ಕದು. ಸತ್ತ ಒಬ್ಬ ಶ್ರೀಮಂತ ಪ್ರಯಾಣಿಕನ ಕುಟುಂಬ ಹೂಡುವ ಒಂದೇ ದಾವೆ ಇಡೀ ಕಂಪನಿಯನ್ನು ಮುಳುಗಿಸಬಲ್ಲದು. ವಿಮೆ ಕೊಡುವವರಿಗೆ ಬೇಕಾಗಿದ್ದದ್ದು ಒಂದೇ: ಅತಿ ಹೆಚ್ಚೆಂದರೆ ಎಷ್ಟು ಕೊಡಬೇಕಾದೀತು ಎಂಬ ಅಂಕಿ. ಅದು ಸಿಕ್ಕರೆ ಕಂತನ್ನು ಲೆಕ್ಕ ಹಾಕಬಹುದು.

ಆ ಅಂಕಿಯನ್ನು ಕೊಟ್ಟದ್ದು 1929ರ ಅಕ್ಟೋಬರ್ 12ರಂದು ಸಹಿಯಾದ ವಾರ್ಸಾ ಒಡಂಬಡಿಕೆ. ಅದರ ಒಳಗಿದ್ದದ್ದು ಒಂದು ಕೊಡುಕೊಳ್ಳುವಿಕೆ. ಅಪಘಾತವಾದರೆ ತಪ್ಪು ವಿಮಾನ ಕಂಪನಿಯದೇ ಎಂದು ಮೊದಲೇ ಊಹಿಸಿಕೊಳ್ಳಬೇಕು. ಬೇಕಾದ ಎಲ್ಲ ಎಚ್ಚರಿಕೆಯನ್ನೂ ವಹಿಸಿದ್ದೆವು ಎಂದು ಸಾಬೀತುಪಡಿಸುವ ಭಾರ ಕಂಪನಿಯ ಮೇಲೆ. ಅದಕ್ಕೆ ಬದಲಾಗಿ, ಒಬ್ಬ ಪ್ರಯಾಣಿಕನಿಗೆ ಕೊಡಬೇಕಾದ ಪರಿಹಾರ 1,25,000 ಫ್ರಾಂಕ್ ಮೀರುವಂತಿಲ್ಲ. ಬೇಕೆಂದೇ ಮಾಡಿದ ದುರ್ನಡತೆ ಸಾಬೀತಾದರೆ ಮಾತ್ರ ಈ ಮಿತಿ ಒಡೆಯುತ್ತದೆ. ಇಲ್ಲಿನ ಫ್ರಾಂಕ್ ಯಾರ ಜೇಬಿನಲ್ಲೂ ಇರದ ಲೆಕ್ಕದ ನಾಣ್ಯ: ನೂರಕ್ಕೆ ತೊಂಬತ್ತರ ಶುದ್ಧತೆಯ 65.5 ಮಿಲಿಗ್ರಾಂ ಚಿನ್ನ. ಕೂಡಿದರೆ ಒಂದು ಜೀವಕ್ಕೆ ಏಳು ಕಿಲೋ ಮೀರಿದ ಶುದ್ಧ ಚಿನ್ನ. ಕೇಳಲು ಭಾರಿಯಾಗಿ ಕಾಣುವ ಈ ಮೊತ್ತ ಡಾಲರಿನಲ್ಲಿ ಸುಮಾರು 8,300 ಎಂದು ನಿಂತುಬಿಟ್ಟಿತು. ಚಿನ್ನಕ್ಕೆ ಸರ್ಕಾರಗಳು ಬೆಲೆ ಕಟ್ಟಿಟ್ಟಿದ್ದರಿಂದ, ಸಂಬಳವೂ ಮನೆಬೆಲೆಯೂ ಏರಿದರೂ ಪರಿಹಾರ ಏರಲಿಲ್ಲ.

ಒಡಂಬಡಿಕೆ 1933ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಭಾರತದಲ್ಲಿ ಅದಕ್ಕೆ ಕಾನೂನಿನ ಬಲ ಕೊಟ್ಟದ್ದು 1934ರ ಕಾಯಿದೆ. ಟಾಟಾ ಸಂಸ್ಥೆಯ ಪುಟ್ಟ ವಿಮಾನಗಳು ಆಗಷ್ಟೇ ಕರಾಚಿಯಿಂದ ಅಹಮದಾಬಾದ್, ಮುಂಬಯಿ, ಬಳ್ಳಾರಿಗಳ ಮೇಲೆ ಮದ್ರಾಸಿಗೆ ಅಂಚೆ ಹೊರಲು ಶುರುಮಾಡಿದ್ದವು. ಆ ಸೇವೆಯ ಮೊದಲ ಹಾರಾಟ 1932ರ ಅಕ್ಟೋಬರ್ 15ರದ್ದು. ಬಳ್ಳಾರಿಯ ಬಯಲಿನಲ್ಲಿ ಅಂಚೆಚೀಲ ಇಳಿಯುತ್ತಿದ್ದ ಕಾಲಕ್ಕೇ, ಈ ನೆಲದಿಂದ ಹೊರದೇಶಕ್ಕೆ ಹಾರುವ ಪ್ರಯಾಣಿಕನ ಜೀವದ ಬೆಲೆ ವಾರ್ಸಾದಲ್ಲಿ ನಿಗದಿಯಾಗಿತ್ತು.

ಮಿತಿಯ ಕಠೋರತೆ ಏನೆಂದು ಲೋಕಕ್ಕೆ ತೋರಿಸಿದ್ದು ಜೇನ್ ಫ್ರೋಮನ್ ಪ್ರಕರಣ. ಅಮೆರಿಕದ ಹೆಸರಾಂತ ಗಾಯಕಿಯಾದ ಈಕೆ ಯುದ್ಧದ ನಡುವೆ ಸೈನಿಕರಿಗಾಗಿ ಹಾಡಲು ಹೊರಟಿದ್ದಾಗ, 1943ರ ಫೆಬ್ರುವರಿ 22ರಂದು ಪ್ಯಾನ್ ಆ್ಯಮ್‌ನ ಯಾಂಕಿ ಕ್ಲಿಪ್ಪರ್ ಲಿಸ್ಬನ್ನಿನ ಟೇಗಸ್ ನದಿಗೆ ಬಿತ್ತು. 39 ಜನರಲ್ಲಿ 24 ಮಂದಿ ಸತ್ತರು. ಫ್ರೋಮನ್ ಬದುಕಿದರು, ಆದರೆ ಕಾಲು ಮತ್ತು ತೋಳು ಜಜ್ಜಿಹೋಗಿ ಜೀವಮಾನವಿಡೀ ಶಸ್ತ್ರಚಿಕಿತ್ಸೆಗಳ ಸರಣಿ. ವರ್ಷಗಟ್ಟಲೆ ನಡೆದ ದಾವೆಯಲ್ಲಿ ನ್ಯಾಯಾಲಯ ವಾರ್ಸಾ ಮಿತಿಗೇ ಅಂಟಿಕೊಂಡಿತು. ಚಿಕಿತ್ಸೆಯ ವೆಚ್ಚದ ಒಂದು ಮೂಲೆಗೂ ಸಾಲದ ಮೊತ್ತವದು. ಕಂಪನಿಗಳನ್ನು ಶೈಶವದಲ್ಲಿ ಕಾಪಾಡಲು ಕಟ್ಟಿದ ಬೇಲಿ, ಅವು ಬಲಿತು ಸಾಗರ ದಾಟುವ ದೈತ್ಯರಾದ ಮೇಲೂ ಉಳಿದದ್ದು ಅನ್ಯಾಯವೇ ಆಗಿತ್ತು.

1955ರ ಹೇಗ್ ಪ್ರೋಟೊಕಾಲ್ ಮಿತಿಯನ್ನು ಇಮ್ಮಡಿಗೊಳಿಸಿ 2,50,000 ಫ್ರಾಂಕ್ ಮಾಡಿತು. ಅಮೆರಿಕಕ್ಕೆ ಅದೂ ಸಾಲಲಿಲ್ಲ. 1965ರ ನವೆಂಬರಿನಲ್ಲಿ ವಾರ್ಸಾದಿಂದಲೇ ಹೊರನಡೆಯುವ ನೋಟಿಸು ಕೊಟ್ಟಿತು. ನೋಟಿಸಿನ ಗಡುವು ಮುಗಿಯಲು ಒಂದೆರಡು ದಿನ ಉಳಿದಿದ್ದಾಗ, 1966ರ ಮೇ ತಿಂಗಳಲ್ಲಿ, ವಿಮಾನ ಕಂಪನಿಗಳು ಬಗ್ಗಿದವು: ಅಮೆರಿಕವನ್ನು ಮುಟ್ಟುವ ಹಾರಾಟಗಳಿಗೆ 75,000 ಡಾಲರಿನವರೆಗೆ ತಪ್ಪಿನ ವಾದವೆತ್ತದೆ ಹಣ ಕೊಡುತ್ತೇವೆ ಎಂದು ಒಪ್ಪಿದವು. ಅದೇ ಒಪ್ಪಂದದಲ್ಲಿ ಅಕ್ಷರದ ಗಾತ್ರದ ಮಾತೂ ಇತ್ತು. ಮಿತಿಯ ಎಚ್ಚರಿಕೆಯನ್ನು ಟಿಕೆಟ್ಟಿನಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ಅಡಗಿಸಿದ್ದ ಅಲಿಟಾಲಿಯಾ, ಮಿತಿಯ ರಕ್ಷಣೆಯನ್ನೇ ಕಳೆದುಕೊಳ್ಳಬೇಕೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ವರ್ಷವೇ ಮುಂದೆ ತೀರ್ಪಿತ್ತಿತು. ಒಪ್ಪಂದವಂತೂ ಅಕ್ಷರ ಹತ್ತು ಪಾಯಿಂಟಿಗೆ ಕಡಿಮೆ ಇರಬಾರದು ಎಂದು ಗೊತ್ತುಮಾಡಿತ್ತು. 1983ರಲ್ಲಿ ಸೋವಿಯತ್ ಯುದ್ಧವಿಮಾನ ಉರುಳಿಸಿದ ಕೊರಿಯನ್ ಏರ್‌ಲೈನ್ಸ್ ವಿಮಾನದ ಟಿಕೆಟ್ಟಿನಲ್ಲಿ ಅಕ್ಷರ ಎಂಟು ಪಾಯಿಂಟಿನದ್ದಾಗಿತ್ತು. ಆದರೆ ಆ ಎರಡು ಪಾಯಿಂಟಿನ ಕೊರತೆಗಾಗಿ ಮಿತಿ ಒಡೆಯುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ ಹೇಳಿತು. ಸತ್ತವರ ಮಕ್ಕಳ ಪಾಲು ಅಚ್ಚಿನ ಮೊಳೆಯ ಅಳತೆಗೆ ಬಂದು ನಿಂತದ್ದು ಹೀಗೆ.

1971ರಲ್ಲಿ ಡಾಲರು ಚಿನ್ನದ ನಂಟು ಕಡಿದುಕೊಂಡಾಗ ಲೆಕ್ಕದ ನಾಣ್ಯವೇ ಅರ್ಥ ಕಳೆದುಕೊಂಡಿತು. ಫ್ರಾಂಕನ್ನು ಹಳೆಯ ಅಧಿಕೃತ ಬೆಲೆಯಲ್ಲಿ ಎಣಿಸಬೇಕೇ, ಮಾರುಕಟ್ಟೆಯ ಬೆಲೆಯಲ್ಲೇ ಎಂಬ ಪ್ರಶ್ನೆಗೆ ಒಂದೊಂದು ದೇಶದ ಕೋರ್ಟು ಒಂದೊಂದು ಉತ್ತರ ಕೊಟ್ಟಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕವಾದ ಎಸ್‌ಡಿಆರ್ ಅನ್ನು ಚಿನ್ನದ ಬದಲು ಇಡುವ ಪ್ರೋಟೊಕಾಲುಗಳು 1975ರಲ್ಲಿ ಸಿದ್ಧವಾದರೂ ಜಾರಿಗೆ ಬರಲು ಎರಡು ದಶಕ ತಡವಾಯಿತು. ಕಾದು ಬೇಸತ್ತ ಜಪಾನಿನ ಕಂಪನಿಗಳು 1992ರಲ್ಲಿ ತಾವಾಗಿಯೇ ಮಿತಿಯನ್ನು ಬಿಟ್ಟುಕೊಟ್ಟವು. ಹೊಣೆಗಾರಿಕೆಯ ಚರಿತ್ರೆಯಲ್ಲಿ ಇದಕ್ಕಿಂತ ಮೆಚ್ಚತಕ್ಕ ಹೆಜ್ಜೆ ಸಿಗುವುದು ಕಷ್ಟ. ಯಾರೂ ಒತ್ತಾಯಿಸದಿದ್ದರೂ ಇಟ್ಟ ಹೆಜ್ಜೆ ಅದು, ಅದರಿಂದ ಯಾವ ಕಂಪನಿಯೂ ಮುಳುಗಲಿಲ್ಲ. ಮಿತಿ ಇಲ್ಲದಿದ್ದರೆ ವಿಮೆ ಸಿಗದು ಎಂಬ ಅರವತ್ತು ವರ್ಷಗಳ ವಾದ ಅಲ್ಲಿಗೆ ಬಿದ್ದುಹೋಯಿತು.

ಆ ದಾರಿಯಲ್ಲೇ ಬಂದದ್ದು 1999ರ ಮೇ 28ರ ಮಾಂಟ್ರಿಯಲ್ ಒಡಂಬಡಿಕೆ. ಅದರ ಹೊಣೆಗೆ ಎರಡು ಮೆಟ್ಟಿಲು. 1,00,000 ಎಸ್‌ಡಿಆರ್‌ವರೆಗಿನ ನಷ್ಟಕ್ಕೆ ತಪ್ಪು ಯಾರದೆಂಬ ಪ್ರಶ್ನೆಯೇ ಇಲ್ಲ. ಅದಕ್ಕೂ ಮೇಲಿನ ನಷ್ಟಕ್ಕೆ, ತನ್ನ ನಿರ್ಲಕ್ಷ್ಯ ಇರಲಿಲ್ಲವೆಂದು ಕಂಪನಿ ತೋರಿಸಿಕೊಡದ ಹೊರತು, ಮಿತಿಯೇ ಇಲ್ಲ. ಪ್ರಯಾಣಿಕ ತಾನು ನೆಲೆಸಿರುವ ದೇಶದ ನ್ಯಾಯಾಲಯಕ್ಕೂ ಹೋಗಬಹುದು. ಕಂಪನಿಗಳು ಸಾಕಷ್ಟು ವಿಮೆ ಇಟ್ಟುಕೊಳ್ಳುವಂತೆ ಸರ್ಕಾರಗಳು ನೋಡಿಕೊಳ್ಳಬೇಕು. ಮೊದಲ ಮೆಟ್ಟಿಲಿನ ಮೊತ್ತವನ್ನು ಐದು ವರ್ಷಕ್ಕೊಮ್ಮೆ ಹಣದುಬ್ಬರಕ್ಕೆ ತಾಳೆ ನೋಡಬೇಕೆಂಬ ನಿಯಮವೂ ಸೇರಿತು. 2024ರ ಡಿಸೆಂಬರಿನಿಂದ ಅದು 1,51,880 ಎಸ್‌ಡಿಆರ್.

ಇಷ್ಟು ದೊಡ್ಡ ಹೊಣೆಯನ್ನು ಒಂದೇ ವಿಮಾ ಕಂಪನಿ ಹೊರುವುದಿಲ್ಲ. ಒಬ್ಬರು ಮುಂದಾಳಾಗಿ ಷರತ್ತು, ಕಂತು ಗೊತ್ತುಮಾಡುತ್ತಾರೆ, ಉಳಿದವರು ನೂರಕ್ಕೆ ಇಷ್ಟು ಎಂದು ಪಾಲು ಹಿಡಿಯುತ್ತಾರೆ, ಅವರೆಲ್ಲ ಮತ್ತೆ ಮರುವಿಮೆಗೆ ಹೋಗುತ್ತಾರೆ. ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿದ್ದ ಕಾಲದಲ್ಲೂ ಭಾರತದ ವಿಮಾನಗಳ ಅಪಾಯದ ಬಹುಭಾಗ ಹೊರದೇಶದ ಮರುವಿಮಾ ಮಾರುಕಟ್ಟೆಗೆ ಸಾಗುತ್ತಿತ್ತು. ವಿಮಾನದ ಒಡಲಿಗೆ ಒಂದು ವಿಮೆ, ಪ್ರಯಾಣಿಕರ ಮತ್ತು ಮೂರನೆಯವರ ಹೊಣೆಗೆ ಇನ್ನೊಂದು, ಯುದ್ಧ, ಅಪಹರಣ, ಬಾಂಬುಗಳಿಗೆ ಬೇರೆಯದೇ. ಈ ಕೊನೆಯದು ಎಷ್ಟು ತೆಳು ಎಂದು ಗೊತ್ತಾದದ್ದು 2001ರ ಸೆಪ್ಟೆಂಬರ್ 11ರ ನಂತರ. ಏಳು ದಿನದ ನೋಟಿಸು ಕೊಟ್ಟು ವಿಮೆಗಾರರು ಮೂರನೆಯವರ ಯುದ್ಧಹೊಣೆಯನ್ನು 5 ಕೋಟಿ ಡಾಲರಿಗೆ ಇಳಿಸಿದರು. ಹಲವು ಸರ್ಕಾರಗಳು ತಾವೇ ಜಾಮೀನು ನಿಂತ ಮೇಲಷ್ಟೇ ವಿಮಾನಗಳು ಹಾರಾಟ ಮುಂದುವರಿಸಿದವು.

ಭಾರತ 1972ರ ವಿಮಾನ ಸಾಗಣೆ ಕಾಯಿದೆಯ ಮೂಲಕ ಹೇಗ್ ತಿದ್ದುಪಡಿಯನ್ನು ಒಪ್ಪಿತು. ದೇಶದೊಳಗಿನ ಹಾರಾಟಕ್ಕೆ 1973ರಿಂದ ಬೇರೆಯೇ ರೂಪಾಯಿ ಮಿತಿ: ವಯಸ್ಕರಿಗೆ 1 ಲಕ್ಷ, ಮಕ್ಕಳಿಗೆ ಅದರರ್ಧ. ಅದು ಹಂತಹಂತವಾಗಿ ಏರಿತು. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪದೆ ಗಾಲ್ಫ್ ಮೈದಾನದಲ್ಲಿ ಬಿದ್ದು 92 ಜನ ಸತ್ತಾಗ, ಅವರ ಮನೆಯವರಿಗೆ ಅನ್ವಯಿಸಿದ್ದು ಇಂಥ ದೇಶೀಯ ಮಿತಿಯೇ.

ಮಾಂಟ್ರಿಯಲ್ ಒಡಂಬಡಿಕೆ ಭಾರತಕ್ಕೆ ಅನ್ವಯವಾದದ್ದು 2009ರ ಜೂನ್ 30ರಂದು. ಹನ್ನೊಂದು ತಿಂಗಳೂ ತುಂಬಿರಲಿಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರು ಬಳಿಯ ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. 166 ಜನರಲ್ಲಿ ಬದುಕಿದವರು ಎಂಟೇ ಮಂದಿ. ಇಳಿಯುವ ಕ್ರಮ ತಪ್ಪಿದ್ದರೂ ಅದನ್ನು ಕೈಬಿಟ್ಟು ಮತ್ತೆ ಮೇಲೇರಲಿಲ್ಲ ಎಂಬುದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಇದೇ ದುರಂತ ಒಂದು ವರ್ಷ ಮೊದಲು ನಡೆದಿದ್ದರೆ ಕರಾವಳಿ ಮತ್ತು ಕಾಸರಗೋಡಿನ ಆ ಕುಟುಂಬಗಳು ಹಳೆಯ ಫ್ರಾಂಕುಗಳ ಮಿತಿಯೊಳಗೇ ಸಿಕ್ಕಿಬೀಳುತ್ತಿದ್ದವು. ಆದರೂ ಹೊಸ ಕಾನೂನನ್ನು ಓದುವ ಬಗೆಯಲ್ಲೇ ವಿವಾದ ಎದ್ದಿತು. ಒಂದು ಲಕ್ಷ ಎಸ್‌ಡಿಆರ್, ಎಂದರೆ ಆಗಿನ ಸುಮಾರು 75 ಲಕ್ಷ ರೂಪಾಯಿ, ಪ್ರತಿ ಸಾವಿಗೂ ಸಲ್ಲಬೇಕಾದ ಕನಿಷ್ಠ ಮೊತ್ತ ಎಂದು 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು: ಅದು ಕನಿಷ್ಠವಲ್ಲ, ತಪ್ಪಿನ ಮಾತೆತ್ತದ ಎಲ್ಲೆ ಮಾತ್ರ, ಆದ ನಷ್ಟವನ್ನು ಕುಟುಂಬ ತೋರಿಸಲೇಬೇಕು.

ಈ ಓದಿನ ಪರಿಣಾಮ ದೊಡ್ಡದು. ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ ಇದ್ದವರ ಲೆಕ್ಕ ಮೇಲೇರಿತು. ಮನೆ ನಡೆಸುತ್ತಿದ್ದ ತಾಯಿ, ಶಾಲೆಗೆ ಹೋಗುವ ಮಗು, ಕೊಲ್ಲಿಯಲ್ಲಿ ಕೂಲಿ ಮಾಡುತ್ತಿದ್ದವನ ಲೆಕ್ಕ ಕೆಳಗೇ ಉಳಿಯುವಂತಾಯಿತು. ಕೊಲ್ಲಿಯ ಕಂಪನಿಯೊಂದರಲ್ಲಿ ಉನ್ನತ ಹುದ್ದೆಯಲ್ಲಿದ್ದ, 45ರ ಹರೆಯದ ಒಬ್ಬ ಪ್ರಯಾಣಿಕನ ಕುಟುಂಬಕ್ಕೆ ಸುಪ್ರೀಂ ಕೋರ್ಟು 2020ರ ಮೇ ತಿಂಗಳಲ್ಲಿ 7.64 ಕೋಟಿ ರೂಪಾಯಿಯನ್ನು ಬಡ್ಡಿಸಮೇತ ಕೊಡಿಸಿತು. ಭತ್ಯೆಗಳನ್ನೂ ಸಂಬಳವೆಂದೇ ಎಣಿಸಬೇಕು, ಮುಂದೆ ಬರಬಹುದಾಗಿದ್ದ ಏರಿಕೆಗೆ ನೂರಕ್ಕೆ 30 ಸೇರಿಸಬೇಕು ಎಂಬ ಅದರ ನಿಲುವು ರಸ್ತೆ ಅಪಘಾತದ ಪರಿಹಾರದ ತೀರ್ಪುಗಳಿಂದ ಬಂದದ್ದು. ಆ ಕುಟುಂಬಕ್ಕೂ ಅಂತಿಮ ತೀರ್ಪು ಸಿಗಲು ಹತ್ತು ವರ್ಷ ಬೇಕಾಯಿತು.

ದೇಶೀಯ ಹಾರಾಟದ ಅಂಕಿಯನ್ನು 2014ರ ಜನವರಿಯ ಅಧಿಸೂಚನೆ 20 ಲಕ್ಷಕ್ಕೆ ಒಯ್ದಿತು. ಮಂಗಳೂರಿನಿಂದ ಮುಂಬಯಿಗೆ ಹಾರುವ ಒಂದೇ ವಿಮಾನದಲ್ಲಿ, ದುಬೈವರೆಗಿನ ಒಂದೇ ಟಿಕೆಟ್ಟು ಪಡೆದವನಿಗೆ ಮಾಂಟ್ರಿಯಲ್ ನಿಯಮ, ಪಕ್ಕದ ಸೀಟಿನಲ್ಲಿ ಮುಂಬಯಿಯಲ್ಲೇ ಇಳಿಯುವವನಿಗೆ ರೂಪಾಯಿಯ ನಿಯಮ. ಕಾನೂನಿಗೆ ಲೆಕ್ಕವಿರುವುದು ಬಿದ್ದ ಜಾಗವಲ್ಲ, ಟಿಕೆಟ್ಟಿನ ಕೊನೆಯ ಊರು.

ಟಿಕೆಟ್ಟೇ ಇಲ್ಲದವರ ಪಾಡು ಇನ್ನೂ ಬೇರೆ. ನೆಲದ ಮೇಲಿದ್ದು ಹಾನಿಗೊಳಗಾದವರಿಗಾಗಿ 1933ರಲ್ಲೂ 1952ರಲ್ಲೂ ರೋಮಿನಲ್ಲಿ ಒಡಂಬಡಿಕೆಗಳಾದವು, ಆದರೆ ಅವನ್ನು ಒಪ್ಪಿದ ದೇಶಗಳು ಕೆಲವೇ, ಭಾರತ ಅವುಗಳಲ್ಲಿಲ್ಲ. 2025ರ ಜೂನ್ 12ರಂದು ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಅಹಮದಾಬಾದಿನ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದಾಗ ಒಳಗಿದ್ದ 242 ಜನರಲ್ಲಿ 241 ಮಂದಿಯೂ ನೆಲದ ಮೇಲೆ 19 ಮಂದಿಯೂ ಸತ್ತರು. ಒಳಗಿದ್ದ ಪ್ರಯಾಣಿಕರಿಗೆ ಮಾಂಟ್ರಿಯಲ್ಲಿನ ಎರಡು ಮೆಟ್ಟಿಲಿದೆ. ಊಟದ ಹೊತ್ತಿಗೆ ಹಾಸ್ಟೆಲಿನಲ್ಲಿದ್ದವರಿಗೆ ಯಾವ ಒಡಂಬಡಿಕೆಯೂ ಇಲ್ಲ. ಅವರ ಕಡೆಯವರು ಹೋಗಬೇಕಾದದ್ದು, ಸ್ವಾನ್ ತನ್ನ ತೋಟಕ್ಕಾಗಿ ಹೋದಂತೆ, ಸಾಮಾನ್ಯ ನಾಗರಿಕ ಹೊಣೆಯ ಕಾನೂನಿನ ಬಾಗಿಲಿಗೆ.