ಸಾಣಾಪುರ: ತುಂಗಭದ್ರಾ ಕಣಿವೆಯ ನೀರಾವರಿ ಯೋಜನೆಯ ಎರಡು ಘಟ್ಟಗಳು

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಸಾಣಾಪುರವು ತುಂಗಭದ್ರೆಯ ಎಡದಂಡೆಯಲ್ಲಿ, ಆನೆಗೊಂದಿಗೆ ಪಶ್ಚಿಮದಲ್ಲಿರುವ ಗ್ರಾಮ. ಇಲ್ಲಿ ನದಿಗೆ ಅಡ್ಡಲಾಗಿ ವಿಜಯನಗರ ಕಾಲದ ಒಡ್ಡು ಇದ್ದು, ಅದರಿಂದ ಆನೆಗೊಂದಿ ಕಾಲುವೆ ಹೊರಡುತ್ತದೆ. ಸಮೀಪದ ಬೆಟ್ಟಗಳ ನಡುವೆ ಇಪ್ಪತ್ತನೆಯ ಶತಮಾನದ ತುಂಗಭದ್ರಾ ಎಡದಂಡೆ ಕಾಲುವೆಯ ಸಮತೋಲನ ಜಲಾಶಯವಿದೆ. ಶತಮಾನಗಳ ಅಂತರದಲ್ಲಿ ರೂಪುಗೊಂಡ ಎರಡು ನೀರಾವರಿ ಕ್ರಮಗಳು ಒಂದೇ ಊರಿನಲ್ಲಿ ಸೇರಿರುವುದರಿಂದ, ನದೀಕಣಿವೆಯ ಯೋಜನೆ ಬೆಳೆದುಬಂದ ಬಗೆಯನ್ನು ಅರಿಯಲು ಸಾಣಾಪುರವು ಉತ್ತಮ ನಿದರ್ಶನವಾಗಿದೆ.

ವಿಜಯನಗರದ ಕ್ರಮವು ಹರಿಯುವ ನೀರನ್ನು ಆಧರಿಸಿತ್ತು. ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಮೇಲಿನ ಮತ್ತು ಕೆಳಗಿನ ಗಂಗಾವತಿ ಕಾಲುವೆಗಳೂ, ಬಲದಂಡೆಯಲ್ಲಿ ತುರುತ್ತು, ರಾಮಸಾಗರ, ಕಂಪ್ಲಿ ಮೊದಲಾದ ಕಾಲುವೆಗಳೂ ಈ ಪರಂಪರೆಗೆ ಸೇರಿದವು. ನದಿಯೊಳಗಿನ ಬಂಡೆಗಳನ್ನೇ ಆಧಾರವಾಗಿಸಿಕೊಂಡು ಒರಟು ಕಲ್ಲುಗಳಿಂದ ಕಟ್ಟಿದ ಒಡ್ಡುಗಳು ನದಿಯನ್ನು ಪೂರ್ತಿಯಾಗಿ ತಡೆಯದೆ, ನೀರಿನ ಒಂದು ಪಾಲನ್ನು ಮಾತ್ರ ಕಾಲುವೆಗೆ ತಿರುಗಿಸುತ್ತಿದ್ದವು. ಗದ್ದೆ ತೋಟಗಳಿಂದ ಬಸಿದ ನೀರು ಮರಳಿ ನದಿ ಸೇರಿ ಕೆಳಗಿನ ಒಡ್ಡಿಗೆ ಒದಗುತ್ತಿತ್ತು. ಆದರೆ ಈ ಕಾಲುವೆಗಳ ಪ್ರಯೋಜನ ನದಿಯಂಚಿನ ಕಿರಿದಾದ ಪಟ್ಟಿಗೆ ಸೀಮಿತವಾಗಿತ್ತು. ಒಳನಾಡಿನ ಒಣಭೂಮಿ ಪದೇ ಪದೇ ಕ್ಷಾಮಕ್ಕೆ ತುತ್ತಾಗುತ್ತಿತ್ತು.

ಈ ಒಣಭೂಮಿಗೆ ನೀರೊದಗಿಸುವ ಆಲೋಚನೆ 1860ರಲ್ಲಿ ಸರ್ ಆರ್ಥರ್ ಕಾಟನ್ ಅವರಿಂದ ಮೊಳೆಯಿತು. ಎಂಟು ದಶಕಗಳ ಮಾತುಕತೆಯ ಬಳಿಕ 1944ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ತಲಾ 65 ಟಿಎಂಸಿ ನೀರು ಬಳಸುವ ಒಪ್ಪಂದಕ್ಕೆ ಬಂದವು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಗಿ, 1953ರಲ್ಲಿ ಜಲಾಶಯದಿಂದ ನೀರು ಹರಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಎಡದಂಡೆಯ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು. ಬಚಾವತ್ ನ್ಯಾಯಮಂಡಳಿಯು ಯೋಜನೆಯ 212 ಟಿಎಂಸಿ ಬಳಕೆಯಲ್ಲಿ ಕರ್ನಾಟಕಕ್ಕೆ 138.99 ಟಿಎಂಸಿಯನ್ನು ನಿಗದಿಪಡಿಸಿತು. ಅದರಲ್ಲಿ ಎಡದಂಡೆ ಕಾಲುವೆಯ ಪಾಲು 92 ಟಿಎಂಸಿ. ಹಳೆಯ ಒಡ್ಡುಗಳೂ ಅಂದಿನಿಂದ ಜಲಾಶಯದಿಂದ ಬಿಡುವ ನೀರನ್ನೇ ಅವಲಂಬಿಸಿದವು.

ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಕ್ಷಾಮ ನಿವಾರಣೆಯ ದೃಷ್ಟಿಯಿಂದ ರೂಪಿಸಲಾಯಿತು. ಇರುವ ನೀರನ್ನು ಹೆಚ್ಚು ಭೂಮಿಗೆ ತೆಳುವಾಗಿ ಹಂಚಿ, ಬಹುಭಾಗದಲ್ಲಿ ಜೋಳ, ಹತ್ತಿ, ಶೇಂಗಾದಂತಹ ಮಿತ ನೀರಿನ ಬೆಳೆಗಳನ್ನು ಬೆಳೆಯಬೇಕೆಂಬುದು ಅದರ ಆಶಯ. ವಾಸ್ತವದಲ್ಲಿ ಮೇಲ್ಭಾಗದ ಗಂಗಾವತಿ, ಕಾರಟಗಿ, ಸಿಂಧನೂರು ಪ್ರದೇಶಗಳಲ್ಲಿ ಭತ್ತ ವ್ಯಾಪಿಸಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರ ಅನುಭವ, ಬಂಡವಾಳ ಮತ್ತು ಮಾರುಕಟ್ಟೆಯ ಬೆಂಬಲ ಇದಕ್ಕೆ ಕಾರಣವಾದವು. ಗಂಗಾವತಿಗೆ ಭತ್ತದ ಕಣಜವೆಂಬ ಹೆಸರು ಬಂದಿತು. ಅದೇ ಕಾಲುವೆಯ ಕೊನೆಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರಿಗೆ ಮಾತ್ರ ಕಾಗದದ ಮೇಲಿನ ಹಕ್ಕು ಹೊಲದವರೆಗೆ ತಲುಪಲಿಲ್ಲ. ಹೀಗೆ ಕ್ಷಾಮದಿಂದ ಕಾಪಾಡಲೆಂದು ಕಟ್ಟಿದ ಕಾಲುವೆಯಲ್ಲಿಯೇ ನೀರುಂಡವರು, ನೀರಿಲ್ಲದವರು ಎಂಬ ಭೇದ ಹುಟ್ಟಿತು.

ಜಲಾಶಯದ ಸ್ಥಿತಿ ಈ ಸಮಸ್ಯೆಯನ್ನು ಬಿಗಡಾಯಿಸಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯವು ಹೂಳಿನಿಂದಾಗಿ ಸುಮಾರು 105.8 ಟಿಎಂಸಿಗೆ ಇಳಿದಿದೆ. ಈ ನಷ್ಟವನ್ನು ತುಂಬಿಕೊಳ್ಳಲು ನವಲಿಯ ಬಳಿ ಸಮಾನಾಂತರ ಜಲಾಶಯದ ಪ್ರಸ್ತಾವ ಮುಂದೆ ಬಂದಿತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಇಡೀ ಅಚ್ಚುಕಟ್ಟಿನ ಬೆಳೆ ಒಂದು ಗೇಟಿನ ಭದ್ರತೆಯನ್ನು ನೆಚ್ಚಿರುವುದು ಸ್ಪಷ್ಟವಾಯಿತು. ವಾರದೊಳಗೆ ತಾತ್ಕಾಲಿಕ ತಡೆ ಅಳವಡಿಸಿ ನೀರನ್ನು ಉಳಿಸಿಕೊಳ್ಳಲಾಯಿತು.

ವಿಜಯನಗರದ ಒಡ್ಡುಗಳನ್ನು ಆದರ್ಶವೆಂದು ಹೊಗಳಿ ಆಧುನಿಕ ಜಲಾಶಯವನ್ನು ತಳ್ಳಿಹಾಕುವುದು ಇತಿಹಾಸಕ್ಕೆ ಸಮ್ಮತವಲ್ಲ. ನದಿಯಿಂದ ದೂರದ ಒಳನಾಡಿಗೆ ನೀರು ಕೊಂಡೊಯ್ಯುವುದು ಒಡ್ಡುಗಳಿಂದ ಸಾಧ್ಯವಿರಲಿಲ್ಲ. ಆದರೆ ಮೇಲಿನವರ ಬಳಕೆಯ ಬಳಿಕವೂ ಕೆಳಗಿನವರಿಗೆ ನೀರು ಉಳಿಯುವ ಏರ್ಪಾಡು ಆ ಕ್ರಮದ ರಚನೆಯಲ್ಲಿಯೇ ಅಡಗಿತ್ತು. ಆಧುನಿಕ ಯೋಜನೆಯಲ್ಲಿ ಅದು ಬೆಳೆ ಪದ್ಧತಿಯ ನಿಯಮ ಪಾಲನೆಗೆ ಬಿಟ್ಟ ವಿಷಯವಾಯಿತು. ಸಂಗ್ರಹವನ್ನು ಹೆಚ್ಚಿಸುವ ಯಾವುದೇ ಯೋಜನೆಯು ಕೊನೆಭಾಗದ ಹೊಲಕ್ಕೆ ತಲುಪುವ ನೀರನ್ನು ಅಳೆದು ಖಾತರಿಪಡಿಸದಿದ್ದಲ್ಲಿ, ಹೊಸ ನೀರೂ ಹಳೆಯ ದಾರಿಯಲ್ಲಿಯೇ ಮೇಲ್ಭಾಗದಲ್ಲಿ ಕರಗಿಹೋಗುತ್ತದೆ ಎಂಬುದನ್ನು ಸಾಣಾಪುರದ ಕಾಲುವೆಗಳ ಇತಿಹಾಸ ತಿಳಿಸುತ್ತದೆ.